ಒಣಮೀನಿನ ಕೂಗು

“ಈ ಕೋಟು ಬೇಡ ವೊನ್ನಿ, ದಮ್ಮಯ್ಯ!”

ಕ್ಲಾರೆನ್ಸ್ ಅಣ್ಣನ ಬಲತೋಳನ್ನು ಎತ್ತಿ ಹಿಡಿದಿದ್ದ. ಹಳೆಯ ಕಪ್ಪು ಕೋಟು ಮೊಣಕೈವರೆಗೆ ಏರಿ ಅಲ್ಲೇ ನಿಂತಿತ್ತು. “ಹೊಸ ಸೂಟು ತಂದಿದ್ದೇನೆ, ಕವರು ಕೂಡ ಬಿಚ್ಚಲಿಲ್ಲ. ನಾಳೆ ಊರಿನಲ್ಲಿ ಪೆಟ್ಟಿಗೆ ತೆರೆದಾಗ ಜನ ಎಂತ ಹೇಳಿಯಾರು? ದುಬೈಯಲ್ಲಿ ಇಷ್ಟು ವರ್ಷ ದುಡಿದವ ಸುಟ್ಟ ಕೋಟಿನಲ್ಲಿ ಬಂದ ಅಂತಲಾ?”

“ಅದು ಯಾಕೆ ಸುಟ್ಟದ್ದು ಅಂತ ಊರಿನವರಿಗೆ ಗೊತ್ತುಂಟು,” ಎಂದಳು ಅತ್ತಿಗೆ ರೊಸಲಿನ್. “ನೀನು ತೋಳು ಸರಿಯಾಗಿ ಹಿಡಿ.”

ಮುಹೈಸ್ನಾದ ಎಂಬಾಮಿಂಗ್ ಸೆಂಟರಿನ ಆ ಕೋಣೆಯಲ್ಲಿ ಚಳಿ ನೆಲದಿಂದಲೇ ಏಳುವಂತಿತ್ತು. ಹೊರಗೆ ಏಪ್ರಿಲ್ ತಿಂಗಳ ಬಿಸಿಲು. ದೂರದ ಕಾರ್ಮಿಕರ ಕ್ಯಾಂಪುಗಳ ಮಾಳಿಗೆಯ ಮೇಲೆ ಒಣಹಾಕಿದ ನೀಲಿ ಅಂಗಿಗಳು ಅಲುಗಾಡದೆ ತೂಗುತ್ತಿದ್ದವು. ರೊಸಲಿನ್ ಮೊದಲ ಬಾರಿಗೆ ದುಬೈಗೆ ಬಂದದ್ದು ಗಂಡನನ್ನು ಊರಿಗೆ ಕರೆದೊಯ್ಯುವುದಕ್ಕೆ. ಕೆಲಸ ಬಿಡುತ್ತೇನೆ, ನೀನೂ ಒಮ್ಮೆ ಬಂದು ನನ್ನ ಬಿಲ್ಡಿಂಗ್ ನೋಡಿ ಹೋಗು ಎಂದು ಗೇಬ್ರಿಯಲ್ ಹಟ ಹಿಡಿದು ವಿಸಿಟ್ ವೀಸಾ ಕಳಿಸಿದ್ದ. ಅವಳು ಬಂದ ಮೂರನೆಯ ವಾರದಲ್ಲಿ, ಒಣಮೀನಿನ ಚೀಲ ಹೊತ್ತು ಮೆಟ್ಟಿಲು ಹತ್ತುತ್ತಿದ್ದವನು ನಾಲ್ಕನೆಯ ಮಹಡಿಯ ತಿರುವಿನಲ್ಲಿ ಕುಳಿತ. ಮತ್ತೆ ಏಳಲಿಲ್ಲ. ಪಕ್ಕದಲ್ಲೇ ಲಿಫ್ಟ್ ಇತ್ತು.

ಕೋಟು ಭುಜಕ್ಕೆ ಕೂತಿತು. ಬಲಗೈಯ ಅಂಚಿನಲ್ಲಿ ಅಂಗೈ ಅಗಲದ ಸುಟ್ಟ ಗುರುತು ಎಲ್ಲರಿಗೂ ಕಾಣುವಂತೆ ಎದೆಯ ಮೇಲೆ ಬಂತು. ರೊಸಲಿನ್ ಆ ಬೆರಳುಗಳಿಗೆ ಜಪಮಾಲೆ ಸುತ್ತಿದಳು.

“ಆಯ್ತು, ನಿಮ್ಮಿಷ್ಟ,” ಎಂದ ಕ್ಲಾರೆನ್ಸ್. ಅಬುಧಾಬಿಯ ಖಲೀಫಾ ಸಿಟಿಯಲ್ಲಿ ಮನೆ, ಆಫೀಸಿನಲ್ಲಿ ಒಳ್ಳೆಯ ಹುದ್ದೆ. ಕಾಗದಪತ್ರಗಳ ಓಡಾಟವನ್ನೆಲ್ಲ ಅವನೇ ಮಾಡಿದ್ದ, ಎರಡು ದಿನದಿಂದ ನಿದ್ದೆ ಕಂಡಿರಲಿಲ್ಲ. “ಇನ್ನು ಪ್ರಾರ್ಥನೆ, ಮತ್ತೆ ಸೀದ ಕಾರ್ಗೋ. ತಡವಾದರೆ ಇವತ್ತಿನ ವಿಮಾನ ಖಲಾಸ್.”

“ಸೀದ ಅಲ್ಲ. ಮೊದಲು ಬಿಲ್ಡಿಂಗಿಗೆ.”

“ಎಂತ?”

“ಮನೆಯ ಹೊಸ್ತಿಲಿನಿಂದ ಹೊರಡದ ಪೆಟ್ಟಿಗೆ ನಮ್ಮಲ್ಲಿ ಇಗರ್ಜಿಗೆ ಹೋದದ್ದುಂಟಾ? ನಿನ್ನ ಅಪ್ಪ ಹೋದದ್ದು ಹಾಗಾ? ಇವರು ಆಸ್ಪತ್ರೆಯಿಂದ ಇಲ್ಲಿಗೆ ಬಂದರು, ಇಲ್ಲಿಂದ ಸಾಮಾನಿನ ಹಾಗೆ ಕಾರ್ಗೋಗೆ. ಅವರಿಗೆ ಮನೆ ಅಂತ ಇರಲಿಲ್ಲವಾ?”

“ವೊನ್ನಿ, ಇದು ಊರಲ್ಲ. ಆಂಬುಲೆನ್ಸ್ ಎಲ್ಲೆಂದರಲ್ಲಿ ನಿಲ್ಲಿಸಲಿಕ್ಕೆ ಪರ್ಮಿಷನ್ ಇಲ್ಲ. ಮತ್ತೆ ಅದು ಮನೆಯಾ ಮಾರಾಯ್ತಿ? ಪ್ಲೈವುಡ್ಡಿನಿಂದ ಭಾಗ ಮಾಡಿದ ಒಂದು ರೂಮು.”

“ಬಾಗಿಲು ಉಂಟಲ್ಲ,” ಎಂದಳು ಅವಳು. “ಆ ಬಾಗಿಲಿನ ಎದುರು ಒಮ್ಮೆ ನಿಲ್ಲಬೇಕು. ಅಷ್ಟೇ.”

ಮಾತು ಅಲ್ಲಿಗೆ ಮುಗಿದಂತೆ ಅವಳು ಕೋಟಿನ ಗುಂಡಿ ಹಾಕತೊಡಗಿದಳು. ಬಟ್ಟೆಯ ಹತ್ತಿರ ಬಗ್ಗಿದಾಗ, ಆಸ್ಪತ್ರೆಯ ಔಷಧದ ವಾಸನೆಯ ಅಡಿಯಿಂದ ಇನ್ನೊಂದು ವಾಸನೆ, ಎಷ್ಟು ಒಗೆದರೂ ಹೋಗದ ಹೊಗೆಯ ವಾಸನೆ, ಅವಳನ್ನು ತಲುಪಿತು.

*

ಮದುವೆಯ ದಿನ ಆ ಕೋಟಿಗೆ ಹೊಸ ಬಟ್ಟೆಯ ಪರಿಮಳವಿತ್ತು. ಮಲ್ಪೆಯ ಬದಿಯ ಆ ಸಣ್ಣ ಪೇಟೆಯಲ್ಲಿ ಆಗ ಬೆಂಕಿ ಬಿದ್ದರೆ ಫೈರ್ ಎಂಜಿನ್ ಬೇರೆ ಊರಿನಿಂದ ಬರಬೇಕಿತ್ತು. ಬರುವಷ್ಟರಲ್ಲಿ ಬೂದಿಯೂ ತಣ್ಣಗಾಗಿರುತ್ತಿತ್ತು. ಆದ್ದರಿಂದ ಇಗರ್ಜಿಯ ಯುವಕರು, ಬಂದರಿನ ಮೊಗವೀರರು, ಪೇಟೆಯ ಬ್ಯಾರಿಗಳ ಹುಡುಗರು ಸೇರಿ ಒಂದು ತಂಡ ಕಟ್ಟಿಕೊಂಡಿದ್ದರು. ಸಂಬಳವಿಲ್ಲ, ಸಮವಸ್ತ್ರವಿಲ್ಲ, ಇದ್ದದ್ದು ಬಕೆಟ್ಟುಗಳು, ಒದ್ದೆ ಗೋಣಿಗಳು, ತುದಿಗೆ ಕೊಕ್ಕೆ ಕಟ್ಟಿದ ಬಿದಿರು ಗಳಗಳು. ಇಗರ್ಜಿಯ ಗಂಟೆ ನಿಲ್ಲದೆ ಹೊಡೆದರೆ ಎದ್ದು ಓಡಬೇಕು. ಅದೊಂದೇ ಅವರ ಕಾನೂನು.

ಚಪ್ಪರದಲ್ಲಿ ಕೇಕ್ ಕತ್ತರಿಸಲು ಗೇಬ್ರಿಯಲ್ ಚಾಕು ಎತ್ತಿದ್ದ. ರೊಸಲಿನಳ ಕೈ ಅವನ ಕೈಯ ಮೇಲಿತ್ತು. ಗಂಟೆ ಹೊಡೆಯಿತು. ಮೊದಲಿಗೆ ಎಲ್ಲರೂ ಅದು ಮದುವೆಯ ಸಂಭ್ರಮಕ್ಕೆಂದು ನಕ್ಕರು. ಗಂಟೆ ನಿಲ್ಲಲಿಲ್ಲ. ಅವನ ಕೈ ತನ್ನ ಕೈಯ ಕೆಳಗಿಂದ ಜಾರಿದ್ದಷ್ಟೇ ಅವಳಿಗೆ ಗೊತ್ತು. ತಲೆ ಎತ್ತಿದಾಗ ಮದುಮಗ ಚಪ್ಪರದಾಚೆ ಓಡುತ್ತಿದ್ದ.

ಕಡಲ ದಂಡೆಯಲ್ಲಿ ಒಣಮೀನಿನ ಕೊಟ್ಟಿಗೆಗಳು ಸಾಲಾಗಿ ಉರಿಯುತ್ತಿದ್ದವು. ಕೊನೆಯ ಕೊಟ್ಟಿಗೆಯಲ್ಲಿ ಮೀನು ಕಾಯುವ ಮುದುಕಿ ಮಲಗಿದ್ದಳು. ಗೇಬ್ರಿಯಲ್ ಅವಳನ್ನು ಹೆಗಲ ಮೇಲೆ ಹೊತ್ತು ತಂದನಂತೆ, ಹೊರಬಂದ ಮೇಲೆ ಆಕೆ ಹೇಳಿದ ಮೊದಲ ಮಾತು, “ಮೀನು ಎಲ್ಲ ಹೋಯಿತಾ?”

ಮಸಿ ಬಳಿದ ಮುಖ, ಸುಟ್ಟ ತೋಳು ಹೊತ್ತು ಮರಳಿದ ಮದುಮಗನನ್ನು ಕಂಡು ಅತ್ತೆಯಂದಿರು ಅಳತೊಡಗಿದರು. ಅವನು ಮದುಮಗಳ ಪಕ್ಕದಲ್ಲಿ ಕುಳಿತು ಮೆಲ್ಲನೆ ಕೇಳಿದ: “ಕೇಕ್ ಉಳಿದಿದೆಯಾ?”

ರೊಸಲಿನ್ ಆ ಪ್ರಶ್ನೆಗೆ ಮನಸೋತು ಬಿದ್ದಳು. ಮತ್ತೆಂದೂ ಏಳಲಿಲ್ಲ ಎಂದು ಹೇಳಬೇಕು.

*

ಪ್ರಾರ್ಥನೆಯ ಹೊತ್ತಿಗೆ ಬಾಗಿಲು ತೆರೆದಾಗ ಕ್ಲಾರೆನ್ಸ್ ಗಾಬರಿಯಾದ. ಅಂಗಳದಲ್ಲಿ ಹತ್ತಿಪ್ಪತ್ತು ಮಂದಿ ಇಗರ್ಜಿಯವರನ್ನು ಅವನು ನಿರೀಕ್ಷಿಸಿದ್ದ. ಅಲ್ಲಿ ಟ್ಯಾಕ್ಸಿ ಚಾಲಕರ ಸಮವಸ್ತ್ರಗಳಿದ್ದವು, ಬಂಗಾಳಿಗಳ ಲುಂಗಿಗಳಿದ್ದವು, ಸಲೂನಿನ ಏಪ್ರನ್ ಬಿಚ್ಚದೆ ಓಡಿಬಂದ ಫಿಲಿಪಿನೋ ಹೆಂಗಸರಿದ್ದರು.

“ಇವರೆಲ್ಲ ಯಾರು?” ಎಂದು ಅವನು ಪಿಸುಗುಟ್ಟಿದ.

“ಮೀನಿನ ಗಿರಾಕಿಗಳು,” ಎಂದ ಮುಹಿಯುದ್ದೀನ್.

ಅವನು ಗೇಬ್ರಿಯಲ್ ಇದ್ದ ದೇರಾದ ಆ ಐದು ಮಹಡಿಯ ಹಳೆಯ ಕಟ್ಟಡದ ವಾಚ್‌ಮನ್, ಉಳ್ಳಾಲದವನು. ಕಣ್ಣು ಕೆಂಪಗಿದ್ದವು. ಪೆಟ್ಟಿಗೆ ಬಿಲ್ಡಿಂಗಿನ ಎದುರು ಬರಬೇಕೆಂಬ ಮಾತು ಬಾಗಿಲಾಚೆಯಿಂದ ಅವನ ಕಿವಿಗೂ ಬಿದ್ದಿತ್ತು. ರೊಸಲಿನ್ ಎದುರು ಬಂದು ಟೋಪಿ ತೆಗೆದ. “ಬಾಯಮ್ಮ, ನಮ್ಮ ಪೊರ್ಬುಲು, ನಿಮ್ಮ ಯಜಮಾನರು, ಸೇಲ್ಸ್‌ಮನ್ ಅಂತ ಕಾರ್ಡಿನಲ್ಲಿ ಮಾತ್ರ. ಆ ಬಿಲ್ಡಿಂಗಿಗೆ ಅವರೇ ಫೈರ್ ಬ್ರಿಗೇಡ್. ಯಾರೂ ಹೇಳಿದ್ದಲ್ಲ, ಯಾರೂ ಕೊಟ್ಟದ್ದಲ್ಲ. ರಜೆಯ ದಿನ ತರಬೇತಿಗೆ ಹೋಗಿ, ಸ್ವಂತ ದುಡ್ಡಿನಲ್ಲಿ ಹಳದಿ ಜಾಕೆಟ್ ತಂದು, ‘ಮುಹಿಯುದ್ದೀನ್, ಇನ್ನು ನಾನು ವಾರ್ಡನ್’ ಅಂತ ನಿಂತರು. ಮೆಟ್ಟಿಲಿನಲ್ಲಿ ಒಂದು ಸೈಕಲ್ ಇಡಲಿಕ್ಕೆ ಬಿಡ್ತಿರ್ಲಿಲ್ಲ. ಲಿಫ್ಟ್ ಹತ್ತುತ್ತಿರ್ಲಿಲ್ಲ. ‘ಬೆಂಕಿ ಬಿದ್ದಾಗ ಮೆಟ್ಟಿಲೇ ಗತಿ, ಕಾಲಿಗೆ ಈಗಲೇ ಪರಿಚಯ ಇರಲಿ’ ಅಂತ.”

ಕ್ಲಾರೆನ್ಸ್ ಕೆಮ್ಮಿದ. ತನ್ನ ಅಣ್ಣ ಫುಡ್‌ಸ್ಟಫ್ ಕಂಪನಿಯ ಸೇಲ್ಸ್‌ನಲ್ಲಿದ್ದಾನೆಂದು ಅವನು ಅಬುಧಾಬಿಯಲ್ಲಿ ಹೇಳುತ್ತಿದ್ದುದು. ಆ ಫುಡ್‌ಸ್ಟಫ್ ಯಾವುದು ಎಂದು ಹೇಳುತ್ತಿರಲಿಲ್ಲ. ಗೇಬ್ರಿಯಲ್ ಮಾರುತ್ತಿದ್ದುದು ಒಣಮೀನು. ವಾರವಿಡೀ ಕಂಪನಿಯ ವ್ಯಾನಿನಲ್ಲಿ ಅಂಗಡಿ ಅಂಗಡಿಗೆ. ಶುಕ್ರವಾರ ಮಧ್ಯಾಹ್ನ ತನ್ನ ಕಟ್ಟಡದಲ್ಲಿ ಮಹಡಿ ಮಹಡಿಗೆ. “ನುಂಗೆಲ್ ಬತ್ತ್‌ಂಡ್... ನುಂಗೆಲ್!” ಒಣಮೀನು ಬಂತು ಎಂಬ ಆ ತುಳು ಕೂಗಿಗೆ ಮಂಗಳೂರಿನವರು, ಮಲಯಾಳಿಗಳು, ಬಂಗಾಳಿಗಳು, ಫಿಲಿಪಿನೋಗಳು ಒಂದೇ ಸಲ ಬಾಗಿಲು ತೆರೆಯುತ್ತಿದ್ದರು. ತುಳು ಯಾರಿಗೂ ಬೇಕಿರಲಿಲ್ಲ. ಮೂಗು ಸಾಕಾಗಿತ್ತು.

ಎಮಿಲಿಯಾ ಎಂಬ ಸಲೂನಿನ ಹೆಂಗಸು ಪೆಟ್ಟಿಗೆಯ ಬಳಿ ಒಂದು ಹೂವಿಟ್ಟು, ಅಳುತ್ತಲೇ ನಕ್ಕಳು. “ಅಂಕಲ್ ವೆರಿ ಸ್ಟ್ರಿಕ್ಟ್, ಮದಾಮ್. ಫಸ್ಟ್ ಪ್ಲಾಸ್ಟಿಕ್ ಖಲಾಸ್, ದೆನ್ ಫಿಶ್!”

“ಎಂತ ಪ್ಲಾಸ್ಟಿಕ್?” ಎಂದು ರೊಸಲಿನ್ ಮುಹಿಯುದ್ದೀನನತ್ತ ನೋಡಿದಳು.

“ಸ್ಮೋಕ್ ಅಲಾರಂ ಉಂಟಲ್ಲ ಬಾಯಮ್ಮ, ಮಾಡಿನಲ್ಲಿ ಬಿಳಿ ಡಬ್ಬಿಯ ಹಾಗೆ. ಒಣಮೀನು ಹುರಿದರೆ ಅದು ಬೊಬ್ಬೆ ಹಾಕ್ತದೆ. ಅದಕ್ಕೆ ಎಲ್ಲರೂ ಪ್ಲಾಸ್ಟಿಕ್ ಚೀಲ ಕಟ್ಟಿ ಬಾಯಿ ಮುಚ್ಚಿಸುವುದು. ಕಟ್ಟುವುದು ಇವರ ಮೀನಿನ ದೆಸೆಯಿಂದ, ಬಿಚ್ಚಿಸುವುದು ಇವರೇ! ಚೀಲ ಬಿಚ್ಚದೆ ಮೀನು ಕೊಡ್ತಿರ್ಲಿಲ್ಲ. ತಾನೇ ಸ್ಟೂಲ್ ಹತ್ತಿ ಬಿಚ್ಚಿ, ‘ಕಿಟಕಿ ತೆಗೆದು ಹುರಿ ಮಾರಾಯ’ ಅಂತ ಹೇಳಿ ಹೋಗ್ತಿದ್ರು.”

ಆಗ ಗುಂಪಿನ ನಡುವಿನಿಂದ, ಅಚ್ಚ ಬಿಳಿ ಅಂಗಿ ತೊಟ್ಟ, ಹಣೆಯಲ್ಲಿ ಗಂಧದ ಗೆರೆಯಿದ್ದ ಹಿರಿಯರೊಬ್ಬರು ಮುಂದೆ ಬಂದರು. ಮೈಸೂರಿನ ಶ್ರೀನಿವಾಸಮೂರ್ತಿ, ಅದೇ ಕಟ್ಟಡದ ಐದನೆಯ ಮಹಡಿಯವರು, ಲೆಕ್ಕಪತ್ರದ ಕೆಲಸ. ಜೊತೆಗೆ ಮಗಳು ಬಿಂದು.

“ನಾನು ನಿಮ್ಮ ಯಜಮಾನರ ಶತ್ರು ಕಣಮ್ಮ,” ಎಂದರು ಅವರು. “ಅವರ ಮೀನಿನ ವಾಸನೆ ಮೇಲೆ ನಾನು ಕೊಟ್ಟ ಕಂಪ್ಲೇಂಟು ಒಂದೆರಡಲ್ಲ.”

“ಅಪ್ಪಾ, ನಾಟ್ ನೌ,” ಎಂದಳು ಬಿಂದು.

“ಈಗ ಹೇಳ್ದೆ ಇನ್ಯಾವಾಗ ಹೇಳ್ಲೇ?” ಎಂದು ಅವರು ರೊಸಲಿನ್ ಕಡೆ ತಿರುಗಿದರು. “ಆ ಶುಕ್ರವಾರದ ವಿಷಯ ನಿಮಗೆ ಹೇಳಿದ್ರಾ ಅವರು?”

“ಸಣ್ಣ ಹೊಗೆ ಎದ್ದಿತ್ತು, ಮೀನು ಒದ್ದೆಯಾಯಿತು ಅಂತ ಫೋನಿನಲ್ಲಿ ಹೇಳಿದ್ದರು.”

ಶ್ರೀನಿವಾಸಮೂರ್ತಿ ಒಂದು ಕ್ಷಣ ಪೆಟ್ಟಿಗೆಯನ್ನೇ ನೋಡಿದರು. “ಸಣ್ಣ ಹೊಗೆ!” ಎಂದರು.

*

ನಾಲ್ಕು ವರ್ಷದ ಹಿಂದಿನ ಒಂದು ಶುಕ್ರವಾರ, ಊಟ ಮುಗಿಸಿ ಕಟ್ಟಡವೇ ಮಲಗಿದ್ದ ಹೊತ್ತು. ನೆಲಮಹಡಿಯ ಇಸ್ತ್ರಿ ಅಂಗಡಿಯಲ್ಲಿ ವೈರು ಸುಟ್ಟು, ಬಟ್ಟೆಯ ಮೂಟೆಗಳಿಗೆ ಬೆಂಕಿ ಹಿಡಿಯಿತು. ಹೊಗೆ ಮೆಟ್ಟಿಲಿನ ಬಾವಿಗೆ ನುಗ್ಗುವ ಮೊದಲೇ ಗೇಬ್ರಿಯಲ್ ಗೋಡೆಯ ಅಲಾರಂ ಎಳೆದ. ಅದು ಕಿವಿ ಹರಿಯುವಂತೆ ಕೂಗಿತು. ಒಂದು ಬಾಗಿಲೂ ತೆರೆಯಲಿಲ್ಲ.

ತಿಂಗಳಿಗೊಮ್ಮೆ ಶುಕ್ರವಾರ ಮಧ್ಯಾಹ್ನವೇ ಅವನು ಬೆಂಕಿಯ ತಾಲೀಮು ಮಾಡಿಸುತ್ತಿದ್ದ. ಅಲಾರಂ ಎಳೆದು, “ಬೆಂಕಿ, ಬೆಂಕಿ, ಕೆಳಗೆ ಬನ್ನಿ” ಎಂದು ಗಂಟಲು ಹರಿದುಕೊಳ್ಳುತ್ತಿದ್ದ. ಜನ ಮಗ್ಗುಲು ಬದಲಿಸಿ ಮಲಗುತ್ತಿದ್ದರು. ಆ ದಿನವೂ ಹಾಗೆಯೇ ಮಾಡಿದರು. ಅವನು ಬಾಗಿಲು ಬಡಿದ. ಪ್ಲೈವುಡ್ ಕಟ್ಟಿ ಒಂದು ಕೋಣೆಯಲ್ಲಿ ಎಂಟು ಹತ್ತು ಮಂದಿ ಇದ್ದವರು, ಬಡಿತ ಕೇಳಿದೊಡನೆ ತಪಾಸಣೆ ಬಂತೆಂದು ಉಸಿರು ಹಿಡಿದು ಕುಳಿತರು. ಎರಡನೆಯ ಮಹಡಿಗೆ ಹೊಗೆ ಅವನ ಹಿಂದೆಯೇ ಏರಿತು.

ಆಗ ಅವನು ಮೆಟ್ಟಿಲಿನ ನಡುವೆ ನಿಂತನಂತೆ. ಅರೆಗಳಿಗೆ. ಬಳಿಕ ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದ:

“ನುಂಗೆಲ್ ಬತ್ತ್‌ಂಡ್... ನುಂಗೆಲ್!”

ಒಂದು ಬಾಗಿಲು ತೆರೆಯಿತು. ಮತ್ತೊಂದು. ಕೈಯಲ್ಲಿ ಪಾತ್ರೆ ಹಿಡಿದು, ನಿದ್ದೆಗಣ್ಣು ಉಜ್ಜುತ್ತ ಬಂದವರನ್ನು ಅವನು ರಟ್ಟೆ ಹಿಡಿದು ಕೆಳಗಿನ ದಾರಿಗೆ ತಳ್ಳಿದ. ಮೂರು, ನಾಲ್ಕು, ಐದನೆಯ ಮಹಡಿಯವರೆಗೆ ಅದೇ ಕೂಗು. ಐದನೆಯ ಮಹಡಿಯಲ್ಲಿ ಎಲ್ಲ ಬಾಗಿಲುಗಳೂ ತೆರೆದವು, ಒಂದರ ಹೊರತು.

“ನಂದು,” ಎಂದರು ಶ್ರೀನಿವಾಸಮೂರ್ತಿ. “ನಾನ್ಯಾಕೆ ತೆಗೀಲಿ ಮೀನಿಗೆ? ಆ ಮನುಷ್ಯ ಏನ್ಮಾಡಿದ್ರು ಗೊತ್ತಾ? ನನ್ನ ಬಾಗಿಲ ಸಂದಿಗೇ ಬಾಯಿಟ್ಟು ಕೂಗಿದ್ರು. ನಂಗೆ ಪಿತ್ತ ನೆತ್ತಿಗೇರ್ತು. ಬೈಯೋಕೆ ಅಂತಲೇ ಬಾಗಿಲು ತೆಗೆದೆ. ಬಾಯಿ ತೆರೆದೆ, ಹೊಗೆ ಒಳಕ್ಕೆ ಹೋಯ್ತು. ಈ ಮಗುವನ್ನ ಹೆಗಲ ಮೇಲೆ ಹಾಕ್ಕೊಂಡು, ನನ್ನ ಮುಖಕ್ಕೆ ಒದ್ದೆ ಚೀಲ ಒತ್ತಿದ್ರು. ಮೀನಿನ ಚೀಲ! ಜನ್ಮದಲ್ಲಿ ಅಂಥ ವಾಸನೆ ಕುಡಿದಿಲ್ಲ. ಅದನ್ನೇ ಉಸಿರಾಡಿಕೊಂಡು ಕೆಳಗೆ ಬಂದೆ.”

ಗುಂಪಿನಲ್ಲಿ ಯಾರೋ ನಕ್ಕರು. ನಗು ಹಬ್ಬಿತು, ತಕ್ಷಣ ನಿಂತಿತು.

“ಫೈರ್ ಎಂಜಿನ್ ಬಂದಾಗ ಅವರ ಅಧಿಕಾರಿ, ಒಳಗೆ ಎಷ್ಟು ಜನ ಅಂತ ಕೇಳಿದ್ರು,” ಎಂದ ಮುಹಿಯುದ್ದೀನ್. “ಪೊರ್ಬುಲು ಹೇಳಿದ್ರು, ‘ಮಾಫಿ, ಯಾರೂ ಇಲ್ಲ.’ ಅವರು ನಂಬಲಿಲ್ಲ. ಶುಕ್ರವಾರ ಮಧ್ಯಾಹ್ನ, ಇಷ್ಟು ದೊಡ್ಡ ಕಟ್ಟಡ, ಒಬ್ಬರೂ ಇಲ್ಲ ಅಂದರೆ? ಮುಖವಾಡ ಹಾಕಿ ಕೊನೆಯ ಮಹಡಿವರೆಗೆ ಹೋಗಿ ನೋಡಿ ಬಂದರು. ಎಲ್ಲ ಬಾಗಿಲು ತೆರೆದದ್ದು, ಟಿವಿ ಓಡ್ತಾ ಉಂಟು, ಬಟ್ಟಲಲ್ಲಿ ಅನ್ನ ಉಂಟು, ಜನ ಇಲ್ಲ. ಆ ಮನುಷ್ಯ ಕೆಳಗೆ ಬಂದು ಹೆಲ್ಮೆಟ್ ತೆಗೆದು ಪೊರ್ಬುಲಿಗೆ ಸಲಾಂ ಹೊಡೆದ್ರು.”

*

ರೊಸಲಿನಳಿಗೆ ಕಳೆದ ಶುಕ್ರವಾರ ನೆನಪಾಯಿತು. ಗಂಡ ಹಳದಿ ಜಾಕೆಟ್ ತೊಟ್ಟು, ಕನ್ನಡಿಯಲ್ಲಿ ತಲೆ ಬಾಚಿಕೊಂಡು, “ಇವತ್ತು ನನ್ನ ಕೊನೆಯ ತಾಲೀಮು. ನೀನು ಬರಬೇಕು” ಎಂದಿದ್ದ. ಅಲಾರಂ ಕೂಗಿದಾಗ ಅವಳು ಒಲೆಯ ಮುಂದಿದ್ದಳು. ಸಾರು ಕುದಿಯುತ್ತಿತ್ತು, ಈಗ ಬಿಟ್ಟರೆ ಕೆಡುತ್ತದೆ ಎನಿಸಿತು. ಕಿಟಕಿಯಿಂದ ಬಗ್ಗಿ ನೋಡಿದಳು.

ಎದುರಿನ ಪಾರ್ಕಿಂಗ್ ಜಾಗದಲ್ಲಿ, ಎಲ್ಲರೂ ಬಂದು ಸೇರಬೇಕಾದ ಹಸಿರು ಫಲಕದ ಕೆಳಗೆ, ಅವನು ನಿಂತಿದ್ದ. ಜೊತೆಗೆ ಮುಹಿಯುದ್ದೀನ್. ಒಂದು ಬೆಕ್ಕು. ಬೆಂಕಿ ಬಿದ್ದ ವರ್ಷ ಒಂದೆರಡು ತಿಂಗಳು ಜನ ಬಂದಿದ್ದರಂತೆ. ಆಮೇಲೆ ಮತ್ತೆ ನಿದ್ದೆ ಗೆದ್ದಿತ್ತು. ಅವನು ಬಿಸಿಲಿನಲ್ಲಿ ಕೈಯನ್ನು ಕಣ್ಣಿಗೆ ಮರೆಮಾಡಿ ಕಟ್ಟಡವನ್ನೇ ನೋಡುತ್ತಿದ್ದ. ಒಂದೊಂದೇ ಮಹಡಿಯನ್ನು, ಹೊಲದ ಪೈರು ನೋಡುವವನಂತೆ.

ಮೇಲೆ ಬಂದವನು ಜಾಕೆಟ್ ಮಡಚಿಡುತ್ತ ನಕ್ಕ. “ನೀನೂ ಬರಲಿಲ್ಲ ಅಲ್ಲವಾ ರೋಜಿ?”

“ಸಾರು ಇತ್ತು,” ಎಂದಳು.

“ಸಾರು ಒಳ್ಳೆದಾಗಿದೆ,” ಎಂದು ಅವನು ಬಡಿಸಿಕೊಂಡ.

*

ಪಾದ್ರಿಗಳು ಆಶೀರ್ವಾದದ ನೀರು ಚಿಮುಕಿಸಿದರು. ಮುಚ್ಚಳ ಮುಚ್ಚುವಾಗ ರೊಸಲಿನ್ ಆ ಸುಟ್ಟ ಗುರುತಿಗೆ ತುಟಿ ತಾಗಿಸಿದಳು. ತಲೆ ಎತ್ತಿದಾಗ ಅಂಗಳ ಬಹುಪಾಲು ಬರಿದಾಗಿತ್ತು. ಶ್ರೀನಿವಾಸಮೂರ್ತಿಯೂ ಮುಹಿಯುದ್ದೀನನೂ ಕಾಣಲಿಲ್ಲ. ರಜೆ ಸಿಗದೆ ಓಡಿರಬೇಕು ಎಂದುಕೊಂಡಳು.

ಆಂಬುಲೆನ್ಸಿನ ಚಾಲಕ ಬಿಳಿ ಗಡ್ಡದ ಪಠಾಣ. ಅವನ ಪಕ್ಕದ ಆಸನಕ್ಕೆ ಅವಳು ಯಾರನ್ನೂ ಕೇಳದೆ ಹತ್ತಿ ಕುಳಿತಳು.

“ವೊನ್ನಿ, ನನ್ನ ಕಾರಿನಲ್ಲಿ ಬನ್ನಿ.”

“ನಾನು ಇವರ ಜೊತೆ ಬರ್ತೇನೆ. ನೀನು ಅವನಿಗೆ ಹಿಂದಿಯಲ್ಲಿ ಹೇಳು, ದೇರಾದ ಮೇಲೆ ಹೋಗಲಿ.”

“ಅವ ಒಪ್ಪಲಿಕ್ಕಿಲ್ಲ.”

“ನೀನು ಹೇಳು ಕ್ಲಾರೆನ್ಸ್. ಆಗದಿದ್ದರೆ ಅವ ಆಗುವುದಿಲ್ಲ ಅನ್ನಲಿ. ನೀನು ಮೊದಲೇ ಅನ್ನಬೇಡ.”

ಕ್ಲಾರೆನ್ಸ್ ಗಡಿಯಾರ ನೋಡಿದ, ಅಣ್ಣನ ಪೆಟ್ಟಿಗೆ ನೋಡಿದ. ಆಮೇಲೆ ಕಿಟಕಿಗೆ ಬಗ್ಗಿ ಹೇಳಿದ. ಪಠಾಣ ಗಡ್ಡ ನೀವಿಕೊಂಡ. “ನಿಲ್ಲಿಸೋದು ಮಾಫಿ. ಕಾನೂನು,” ಎಂದ ಹಿಂದಿಯಲ್ಲಿ. “ಆದರೆ ರಸ್ತೆ ಯಾವುದು ಹಿಡೀಬೇಕು ಅಂತ ನಂಗೆ ಯಾರೂ ಬರೆದು ಕೊಟ್ಟಿಲ್ಲ. ಮೆಲ್ಲಗೆ ಹೋಗ್ತೀನಿ, ಅಮ್ಮ. ನೋಡಿಕೊಳ್ಳಿ. ಅಷ್ಟೇ ನನ್ನ ಕೈಲಾಗೋದು.”

ಅಷ್ಟಾದರೂ ಆಯಿತಲ್ಲ ಎಂದು ರೊಸಲಿನ್ ಸೆರಗನ್ನು ತಲೆಗೆಳೆದುಕೊಂಡಳು. ನಿಲ್ಲದೆ ಹಾದುಹೋಗುವ ಬಾಗಿಲಿಗೆ ಏನು ಹೇಳಬೇಕು, ಎಷ್ಟು ಪ್ರಾರ್ಥನೆ ಹಿಡಿದೀತು? ಗಲ್ಲಿ ಹತ್ತಿರವಾದಂತೆ ಅವಳ ತುಟಿಗಳು ಸಿದ್ಧವಾದವು.

ಗಲ್ಲಿಯ ತಿರುವಿನಲ್ಲಿ ಚಾಲಕ ಬ್ರೇಕ್ ಒತ್ತಿದ.

ಮೊದಲು ಅವಳಿಗೆ ಕೇಳಿಸಿದ್ದು ಕೂಗು. ಒಡೆದ, ದಣಿದ, ಮೈಸೂರಿನ ಗಂಟಲಿಗೆ ಒಗ್ಗದ ತುಳು: “ನುಂಗೆಲ್ ಬತ್ತ್‌ಂಡ್... ನುಂಗೆಲ್!” ಕಟ್ಟಡದ ಮೆಟ್ಟಿಲಿನ ಬಾಯಿಯಿಂದ ಶ್ರೀನಿವಾಸಮೂರ್ತಿ ಹೊರಬಂದರು. ಅಚ್ಚ ಬಿಳಿ ಅಂಗಿಯ ಮೇಲೆ ಗೇಬ್ರಿಯಲನ ಹಳದಿ ಜಾಕೆಟ್. ಗಂಧ ಬೆವರಿನಲ್ಲಿ ಹರಿದು ಮೂಗಿಗಿಳಿದಿತ್ತು. ಮಂಡಿ ಹಿಡಿದು ಬಗ್ಗಿ ಏದುಸಿರು ಬಿಟ್ಟರು.

“ಐದೂ ಫ್ಲೋರ್ ಅಪ್ಪಾನೇ ಹತ್ತಿದ್ರು,” ಎಂದಳು ಬಿಂದು, ಅಳುತ್ತ. “ಹೀ ಡಿಡಂಟ್ ಟೇಕ್ ದ ಲಿಫ್ಟ್.”

ಪಾರ್ಕಿಂಗ್ ಜಾಗ ತುಂಬಿತ್ತು. ಹಸಿರು ಫಲಕದ ಕೆಳಗಿನಿಂದ ಗಲ್ಲಿಯ ಆಚೆ ತುದಿಯವರೆಗೆ ಜನ. ರಾತ್ರಿ ಪಾಳಿಯ ನಿದ್ದೆ ಬಿಟ್ಟು ಎದ್ದವರು, ಕಂಕುಳಲ್ಲಿ ಕೂಸು ಎತ್ತಿಕೊಂಡವರು, ಹಿಟ್ಟು ಮೆತ್ತಿದ ಕೈಯವರು, ಗೋಡೆ ಹಿಡಿದು ಇಳಿದ ಮುದುಕರು. ಮಹಡಿಗೊಂದು ಸಾಲಾಗಿ, ಅವನು ಹೇಳಿಕೊಟ್ಟ ಹಾಗೆಯೇ, ಯಾರೂ ಯಾರನ್ನೂ ತಳ್ಳದೆ. ಬೆಕ್ಕು ಎಂದಿನ ಜಾಗದಲ್ಲಿ ಕುಳಿತಿತ್ತು.

ಪಠಾಣ ಎಂಜಿನ್ ಆರಿಸಿದ. “ನಾನು ನಿಲ್ಲಿಸಿದ್ದಲ್ಲ, ಅಮ್ಮ,” ಎಂದ. “ರಸ್ತೆ ನಿಲ್ಲಿಸಿತು.”

ಹಿಂದಿನ ಕಾರಿನಿಂದ ಇಳಿದ ಕ್ಲಾರೆನ್ಸ್ ಗಡಿಯಾರ ನೋಡಲಿಲ್ಲ. ಆಂಬುಲೆನ್ಸಿನ ಹಿಂಬಾಗಿಲನ್ನು ತಾನೇ ತೆರೆದು, ಪೆಟ್ಟಿಗೆಗೆ ಕಟ್ಟಡ ಕಾಣುವಂತೆ ಬದಿಗೆ ಸರಿದು ನಿಂತ.

ರೊಸಲಿನ್ ಇಳಿದಳು. ಜನ ದಾರಿ ಬಿಟ್ಟರು. ಅವಳು ನಡೆದುಹೋಗಿ ಹಸಿರು ಫಲಕದ ಕೆಳಗೆ, ಅವನು ನಿಲ್ಲುತ್ತಿದ್ದ ಜಾಗದಲ್ಲಿ ನಿಂತು, ಬಿಸಿಲಿಗೆ ಕೈಯನ್ನು ಕಣ್ಣಿಗೆ ಮರೆಮಾಡಿ, ತಲೆ ಎತ್ತಿದಳು.

ಐದು ಮಹಡಿಯ ಕಟ್ಟಡ ಎದುರಿಗಿತ್ತು. ಮೆಟ್ಟಿಲಿನ ದೊಡ್ಡ ಕಿಟಕಿಗಳ ಮೂಲಕ, ಒಂದರ ಮೇಲೊಂದು, ಬಾಗಿಲುಗಳು ಕಾಣುತ್ತಿದ್ದವು. ಎಲ್ಲವೂ ತೆರೆದಿದ್ದವು. ಯಾರದೋ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು, ಯಾರದೋ ಪರದೆ ಗಾಳಿಗೆ ಹೊರಬಂದು ಮತ್ತೆ ಒಳಗೆ ಹೋಯಿತು. ಮೂರನೆಯ ಮಹಡಿಯ ಅವಳ ಕಿಟಕಿಯ ಹಿಂದೆ ಒಲೆ ಆರಿತ್ತು. ಕೆಳಗಿನಿಂದ ಮೇಲಿನವರೆಗೆ, ಆ ಇಡೀ ಕಟ್ಟಡದೊಳಗೆ, ಒಬ್ಬರೂ ಇರಲಿಲ್ಲ.